ಗುಳಿಗೆ ನುಂಗಿದ ಮೇಲೆ



ನಮ್ಮ ಕುಂದಾಪುರ, ಬೈಂದೂರು ಕಡೆಯ ಯಾವ ಪೇಟೆಗಾದರೂ ಹೋಗಿ, ಹೆಮ್ಮಾಡಿಯಾಗಲಿ, ವಂಡ್ಸೆಯಾಗಲಿ, ಕೊಲ್ಲೂರಾಗಲಿ, ಮೆಡಿಕಲ್ ಶಾಪಿನಲ್ಲಿ "ಮೂರು ಗುಳಿಗೆ ಸಾಕು" ಎಂದರೆ ಹತ್ತು ಗುಳಿಗೆಯ ಸ್ಟ್ರಿಪ್ಪಿನಿಂದ ಮೂರನ್ನು ಕತ್ತರಿಸಿ ಕೊಡುತ್ತಾರೆ. ಕೊಳ್ಳುವವರ ಕಿಸೆ ನೋಡಿ ಮಾಡುವ ಉಪಕಾರ ಅದು; ತಪ್ಪೆಂದು ಹೇಳಲು ನನಗೆ ಮನಸ್ಸಿಲ್ಲ. ಆದರೆ ಕತ್ತರಿಸುವಾಗ ಬ್ಯಾಚ್ ನಂಬರು, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಅಚ್ಚಾಗಿರುವ ತುದಿ ಬಹಳ ಸಲ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಮನೆಗೆ ಬರುವುದು ಹೆಸರಿನ ಅರ್ಧ ಅಕ್ಷರಗಳಿರುವ ತಗಡಿನ ತುಂಡು. ಆ ಮೂರು ಗುಳಿಗೆಯಲ್ಲಿ ಏನಾದರೂ ಏರುಪೇರಾದರೆ ಅದು ಯಾವ ಕಾರ್ಖಾನೆಯಲ್ಲಿ ಯಾವ ದಿನ ತಯಾರಾದದ್ದು ಎಂದು ಹುಡುಕುವ ದಾರಿ ಅಲ್ಲಿಗೇ ಕಡಿಯಿತು.

ಔಷಧಗಳ ಸುರಕ್ಷತೆ ಎಂದರೆ ದೆಹಲಿಯ ಕಚೇರಿಗಳ ವಿಷಯ, ಕಾರ್ಖಾನೆಗಳ ವಿಷಯ ಎಂದು ನಾವು ತಿಳಿದಿದ್ದೇವೆ. ಅರ್ಧ ನಿಜ. ಉಳಿದರ್ಧ ನಡೆಯುವುದು ಗುಳಿಗೆ ನುಂಗಿದ ಮೇಲೆ, ನುಂಗಿದವರ ಮೈಯಲ್ಲಿ, ಅವರ ಮನೆಯಲ್ಲಿ. ಅಲ್ಲಿ ಆದದ್ದನ್ನು ಅವರು ಹೇಳದಿದ್ದರೆ ಯಾವ ಕಾನೂನಿಗೂ ಅದು ಕಾಣಿಸುವುದಿಲ್ಲ. ಇವತ್ತು ಆ ಉಳಿದರ್ಧದ ಬಗ್ಗೆ ಮಾತನಾಡುತ್ತೇನೆ.

ಹೊಸ ಮದ್ದೊಂದು ಮಾರುಕಟ್ಟೆಗೆ ಬರುವ ಮೊದಲು ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಿರುತ್ತಾರೆ. ಎಷ್ಟು ಜನರ ಮೇಲೆ? ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ. ಹತ್ತು ಸಾವಿರದಲ್ಲಿ ಒಬ್ಬರಿಗೆ ಮಾತ್ರ ಆಗುವ ತೊಂದರೆಯನ್ನು ಒಮ್ಮೆಯಾದರೂ ಕಂಡೇ ಕಾಣುತ್ತೇವೆ ಎಂಬ ಭರವಸೆ ಬೇಕಾದರೆ ಸುಮಾರು ಮೂವತ್ತು ಸಾವಿರ ಜನರಿಗೆ ಆ ಮದ್ದು ಕೊಟ್ಟು ನೋಡಬೇಕು. ಅಷ್ಟು ದೊಡ್ಡ ಪರೀಕ್ಷೆ ಅಪರೂಪ. ಪರೀಕ್ಷೆಗೆ ಬರುವವರಲ್ಲಿ ಎಂಬತ್ತು ದಾಟಿದ ಅಜ್ಜಿಯರು, ಬಸುರಿಯರು, ಐದು ಬಗೆಯ ಗುಳಿಗೆ ಒಟ್ಟಿಗೆ ತಿನ್ನುವವರು ಕಡಿಮೆ. ಹಾಗಾಗಿ ಪರವಾನಗಿ ಸಿಕ್ಕಿದ ದಿನ ಆ ಮದ್ದಿನ ಪೂರ್ತಿ ಗುಣ ಯಾರಿಗೂ ಗೊತ್ತಿರುವುದಿಲ್ಲ. ಕಾನೂನಿಗೂ ಇದು ಗೊತ್ತು. 2019ರ ಹೊಸ ಔಷಧಗಳ ನಿಯಮಗಳ ಪ್ರಕಾರ ಕಂಪೆನಿ ಮೊದಲ ಎರಡು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ಎರಡು ವರ್ಷ ವರ್ಷಕ್ಕೊಮ್ಮೆ ಸುರಕ್ಷತೆಯ ವರದಿ ಒಪ್ಪಿಸಬೇಕು. ಆ ವರದಿಯಲ್ಲಿ ಬರೆಯಲು ಸಂಗತಿ ಎಲ್ಲಿಂದ ಬರಬೇಕು? ನಮ್ಮಿಂದ, ನಿಮ್ಮಿಂದ.

ಒಂದು ಉದಾಹರಣೆ ಹೇಳುತ್ತೇನೆ. ಮುಟ್ಟಿನ ಹೊಟ್ಟೆನೋವಿಗೆ, ಹಲ್ಲುನೋವಿಗೆ, ಮಕ್ಕಳ ಜ್ವರಕ್ಕೆ ಮೆಫೆನಾಮಿಕ್ ಆಸಿಡ್ ಎಂಬ ಮದ್ದು ಎಲ್ಲ ಮನೆಗಳಿಗೂ ಪರಿಚಿತ, ಅದರ ರಾಸಾಯನಿಕ ಹೆಸರು ಗೊತ್ತಿಲ್ಲದಿರಬಹುದು ಅಷ್ಟೇ. ದಶಕಗಳಿಂದ ಬಳಕೆಯಲ್ಲಿರುವ ಮದ್ದು. 2023ರ ನವೆಂಬರ್ ಕೊನೆಯಲ್ಲಿ ಘಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಲ್ಲಿ ಇದು ಡ್ರೆಸ್ ಎಂಬ ತೀವ್ರ ಅಲರ್ಜಿಗೆ ಕಾರಣವಾಗುತ್ತದೆ: ಜ್ವರ, ಮೈತುಂಬ ದದ್ದು, ಗಂಟಲು ಕಂಕುಳಿನ ಗಡ್ಡೆಗಳ ಊತ, ಆಮೇಲೆ ಲಿವರು, ಕಿಡ್ನಿಗೆ ಪೆಟ್ಟು. ಮದ್ದು ಶುರುಮಾಡಿದ ಎರಡರಿಂದ ಎಂಟು ವಾರದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಇಷ್ಟು ತಡವಾಗಿ ಬರುವುದರಿಂದಲೇ ಗುಳಿಗೆಗೂ ದದ್ದಿಗೂ ನಂಟಿದೆ ಎಂದು ಹೊಳೆಯುವುದು ಕಷ್ಟ. ದೇಶದ ಬೇರೆ ಬೇರೆ ಕಡೆಯಿಂದ ಬಂದ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದ ಆ ನಂಟು ಕಂಡಿತು. ಯಾರೋ ಒಬ್ಬ ವೈದ್ಯ, ಯಾರೋ ಒಬ್ಬ ನರ್ಸು ಕುಳಿತು ಒಂದು ಫಾರ್ಮ್ ತುಂಬಿಸಿದ್ದರಿಂದ ಕಂಡಿತು.

ನಮ್ಮಲ್ಲಿ ಏನಾಗುತ್ತದೆ ಅಂದರೆ, ಮೈ ತುರಿಸಿದರೆ "ಗುಳಿಗೆ ಹೀಟ್ ಆಯ್ತು" ಎಂದು ಎಳನೀರು ಕುಡಿಯುತ್ತೇವೆ. ಬಾಯಲ್ಲಿ ಹುಣ್ಣಾದರೆ ಮಜ್ಜಿಗೆ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಕೆಲವರಿಗೆ ಪಾದ ಊದಿಸುತ್ತದೆ. "ಗದ್ದೆಯಲ್ಲಿ ನಿಂತೂ ನಿಂತೂ ಬಾವು ಬಂತು" ಎಂದುಕೊಳ್ಳುತ್ತೇವೆ. ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯ ಗುಳಿಗೆಗಳಿಂದ ಹಲವರಿಗೆ ಒಣಕೆಮ್ಮು ಹಿಡಿಯುತ್ತದೆ. ಆಷಾಢದ ಮಳೆಯಲ್ಲಿ ಕೆಮ್ಮಿದರೆ ಯಾರಿಗೆ ಗುಮಾನಿ ಬರುತ್ತದೆ? ಶೀತವೆಂದು ಕೆಮ್ಮಿನ ಸಿರಪ್ ತರುತ್ತಾರೆ. ಸಿರಪ್ಪಿನಿಂದ ಮಂಪರು, ಮಂಪರಿನಲ್ಲಿ ರಾತ್ರಿ ಎದ್ದು ಅಂಗಳಕ್ಕೆ ಹೋದ ಅಜ್ಜ ಜಾರಿ ಬೀಳುತ್ತಾರೆ, ಸೊಂಟ ಮುರಿಯುತ್ತದೆ. ಮನೆಯವರು ಪಾಚಿಯನ್ನು ಬೈಯುತ್ತಾರೆ. ಮೊದಲ ಕಾರಣ ಯಾವ ದಾಖಲೆಯಲ್ಲೂ ಬರುವುದಿಲ್ಲ.

ಇನ್ನೊಂದು ತೊಂದರೆ ನಮ್ಮ ಕುಂದಾಪುರ, ಬೈಂದೂರು ಕಡೆಗೆ ವಿಶೇಷವಾದದ್ದು. ಇಲ್ಲಿನ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಾರೆ. ಊರಲ್ಲಿರುವ ತಂದೆ ತಾಯಿಗೆ ಅಲ್ಲಿಂದ ತಿಂಗಳ ಮದ್ದು ಬಸ್ಸಿನಲ್ಲಿ ಬರುತ್ತದೆ. ಇಲ್ಲಿಯ ಆರೋಗ್ಯ ಕೇಂದ್ರದಲ್ಲೂ ಮದ್ದು ಕೊಡುತ್ತಾರೆ. ಒಂದರ ಮೇಲೆ ಕಂಪೆನಿ ಇಟ್ಟ ಹೆಸರು, ಇನ್ನೊಂದರ ಮೇಲೆ ಮದ್ದಿನ ಮೂಲ ಹೆಸರು, ಒಳಗಿರುವುದು ಒಂದೇ. ಎರಡನ್ನೂ ತಿಂದವರಿಗೆ ತಲೆ ಸುತ್ತುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು "ಅಜ್ಜಿ, ಗುಳ್ಗಿ ಸಮ ತಿಂತ್ರ್ಯಾ?" ಎಂದು ಕೇಳಿದರೆ "ತಿಂತೆ ಮಗಾ, ತಿಂದ್ರೆ ತಲಿ ತಿರ್ಗತ್ತ್" ಎನ್ನುತ್ತಾರೆ. ಆ ಎರಡನೇ ಮಾತು ಬಹಳ ಬೆಲೆಯುಳ್ಳದ್ದು. ಅದನ್ನು ಕೇಳಿ ಅಲ್ಲಿಗೇ ಬಿಡಬಾರದು, ಬರೆದುಕೊಳ್ಳಬೇಕು.

ಬರೆದು ಎಲ್ಲಿಗೆ ಕಳಿಸಬೇಕು? ಇದಕ್ಕೆಂದೇ 2010ರಲ್ಲಿ ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮ ಶುರುವಾಯಿತು. ಮೊದಲು ದೆಹಲಿಯ ಏಮ್ಸ್‌ನಲ್ಲಿತ್ತು, ಮರುವರ್ಷ ಆಗಲೇ ಹೇಳಿದ ಘಾಜಿಯಾಬಾದಿನ ಆಯೋಗಕ್ಕೆ ಹೋಯಿತು. ದೇಶದ ನೂರಾರು ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ಮೈಸೂರಿನ ಜೆಎಸ್ಎಸ್‌ನಲ್ಲಿದೆ, ನಮಗೆ ಹತ್ತಿರದ್ದು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನದು. ಅಲ್ಲಿ ಸೇರಿದ ವರದಿಗಳು ಘಾಜಿಯಾಬಾದಿಗೂ ಅಲ್ಲಿಂದ ಸ್ವೀಡನ್ನಿನ ಉಪ್ಸಾಲಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ನಡೆಯುವ ಕೇಂದ್ರಕ್ಕೂ ಹೋಗುತ್ತವೆ. ವಂಡ್ಸೆಯ ಅಜ್ಜಿಯ ತಲೆಸುತ್ತು ಜಗತ್ತಿನ ಲೆಕ್ಕಕ್ಕೆ ಸೇರುವ ದಾರಿ ಇದು.

ವರದಿ ಕೊಡಲು ವೈದ್ಯರೇ ಆಗಬೇಕೆಂದಿಲ್ಲ. ಮದ್ದು ತಿಂದವರು, ಅವರ ಮನೆಯವರು ಯಾರು ಬೇಕಾದರೂ ಕೊಡಬಹುದು. ಬಳಕೆದಾರರಿಗೆಂದು ಬೇರೆ ಫಾರ್ಮ್ ಇದೆ, ಅದು ಕನ್ನಡದಲ್ಲೂ ಇದೆ. ಫಾರ್ಮ್ ಉದ್ದವಾಗಿ ಕಂಡರೂ ಮುಖ್ಯವಾಗಿ ಬೇಕಾದವು ನಾಲ್ಕು ಸಂಗತಿ: ಯಾರಿಗೆ ಆಯಿತು, ಹೆಸರಿನ ಮೊದಲಕ್ಷರ ಸಾಕು, ಏನಾಯಿತು, ಯಾವ ಮದ್ದಿನ ಮೇಲೆ ಗುಮಾನಿ, ಹೇಳುತ್ತಿರುವವರು ಯಾರು. ಉಳಿದದ್ದು ಗೊತ್ತಿದ್ದಷ್ಟು. 1800 180 3024 ಎಂಬ ಉಚಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಫೋನ್ ಮಾಡಿಯೂ ಹೇಳಬಹುದು. ಆಯುರ್ವೇದದ ಮದ್ದು, ಗಿಡಮೂಲಿಕೆ, ಲಸಿಕೆ ಯಾವುದರಿಂದ ಆದರೂ ಹೇಳಬಹುದು.

ಹೀಗೆ ಹೇಳಿದರೆ ನಮ್ಮ ಡಾಕ್ಟರ ಮೇಲೆ ದೂರು ಕೊಟ್ಟ ಹಾಗಾಗುತ್ತದೆಯೋ ಎಂಬ ಅಳುಕು ನಮ್ಮವರಿಗಿದೆ. ಕಷ್ಟಕಾಲಕ್ಕೆ ಆದವರ ಮೇಲೆ ಹೇಗೆ ಬರೆಯುವುದು ಎಂಬ ದಾಕ್ಷಿಣ್ಯ. ಆ ಫಾರ್ಮಿನಲ್ಲೇ ಸ್ಪಷ್ಟವಾಗಿ ಅಚ್ಚಾಗಿದೆ: ವರದಿ ಕೊಟ್ಟ ಮಾತ್ರಕ್ಕೆ ವೈದ್ಯರದೋ ಕಂಪೆನಿಯದೋ ಮದ್ದಿನದೋ ತಪ್ಪೆಂದು ಒಪ್ಪಿದ ಹಾಗಲ್ಲ. ಸರಿಯಾದ ಮದ್ದನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗಲೂ ಒಬ್ಬರಿಗೆ ಆಗಿಬರದೆ ಇರಬಹುದು. ಹೆಸರುಗಳು ಗುಟ್ಟಾಗಿಯೇ ಉಳಿಯುತ್ತವೆ.

ವರದಿಗಳೆಲ್ಲ ಸೇರಿದ ಮೇಲೆ ಸರ್ಕಾರ ಮದ್ದನ್ನು ನಿಷೇಧಿಸುತ್ತದೆ ಎಂದೇನಿಲ್ಲ. ಒಮ್ಮೊಮ್ಮೆ ನಿಷೇಧ ಬರುತ್ತದೆ. 2011ರಲ್ಲಿ ಜ್ವರ, ನೋವಿಗೆ ಕೊಡುವ ನಿಮೆಸುಲೈಡ್ ಅನ್ನು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಆದೇಶವಾಯಿತು, ದೊಡ್ಡವರಿಗೆ ಉಳಿಯಿತು. ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಕತೆ ಇನ್ನೂ ಕಲಿಸುವಂಥದ್ದು. ಮೂತ್ರಕೋಶದ ಕ್ಯಾನ್ಸರಿನ ಅನುಮಾನದಿಂದ 2013ರ ಜೂನ್‌ನಲ್ಲಿ ಅದರ ಮಾರಾಟ ನಿಲ್ಲಿಸಿದರು. ಅಗ್ಗದ ಮದ್ದು, ಲಕ್ಷಾಂತರ ಜನ ತಿನ್ನುತ್ತಿದ್ದರು. ತಜ್ಞರು ಮತ್ತೆ ಕುಳಿತರು. ಜುಲೈ ಕೊನೆಗೆ ನಿಷೇಧ ತೆಗೆದರು, ಆದರೆ ಎಚ್ಚರಿಕೆಯನ್ನು ಚೌಕಟ್ಟು ಹಾಕಿ ಪೊಟ್ಟಣದ ಜೊತೆಗೇ ಅಚ್ಚುಹಾಕಬೇಕು, ಮೊದಲ ಮದ್ದಾಗಿ ಬಳಸಬಾರದು ಎಂದು ಕಟ್ಟುಮಾಡಿದರು. ಯಾರಿಗೆ ಲಾಭ, ಯಾರಿಗೆ ಅಪಾಯ ಎಂದು ಬೇರ್ಪಡಿಸುವ ಈ ಕೆಲಸ ನಿಧಾನದ್ದು, ಗದ್ದಲಕ್ಕೆ ಒಗ್ಗದ್ದು. ನನ್ನ ದೃಷ್ಟಿಯಲ್ಲಿ ನಿಷೇಧಕ್ಕಿಂತ ಕಷ್ಟದ ಕೆಲಸ.

ಇಷ್ಟು ಹೊತ್ತು ಹೇಳಿದ್ದು ಮದ್ದಿನ ಸ್ವಭಾವದಲ್ಲೇ ಇರುವ ಅಪಾಯ. ತಯಾರಿಕೆಯಲ್ಲಿ ಸೇರಿಕೊಳ್ಳುವ ಅಪಾಯ ಬೇರೆ, ಅದಕ್ಕೆ ಕ್ಷಮೆಯಿಲ್ಲ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಮದ್ದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ ಮಾರಿ ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ಕಾನೂನು ಬಿಗಿಯಾದದ್ದು ಆಮೇಲೆ. ನಮ್ಮಲ್ಲಿ ಔಷಧ ಕಾನೂನು 1940ರಲ್ಲೇ ಬಂತು. ಆದರೂ ಅದೇ ವಿಷ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನಾಲ್ಕು ಜೀವ ತೆಗೆಯಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಅವರು ಕುಡಿದ ಕೆಮ್ಮಿನ ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರದಲ್ಲಿ. ಶೇ. 0.1ಕ್ಕಿಂತ ಹೆಚ್ಚು ಇರಬಾರದ ವಿಷ ಅದರಲ್ಲಿ ಶೇ. 48.6 ಇತ್ತು. ಪುಟ್ಟ ಮಕ್ಕಳ ಶೀತ ಕೆಮ್ಮು ಬಹುಪಾಲು ತಾನಾಗಿ ವಾಸಿಯಾಗುವಂಥದ್ದು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಕೂಡಿಸಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದರು. ತಾಯಂದಿರೇ, ಪಕ್ಕದ ಮನೆಯ ಮಗುವಿಗೆ ಆದ ಸಿರಪ್ಪನ್ನು ಚಮಚದಲ್ಲಿ ಎರವಲು ತರಬೇಡಿ.

ನಮ್ಮ ರಾಜ್ಯದ್ದೇ ನೋವಿನ ಕತೆ ಬಳ್ಳಾರಿಯದು. 2024ರ ನವೆಂಬರ್‌ನಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಕಾಯಿಲೆಬಿದ್ದರು. ಕಿಡ್ನಿ ಸೋತಿತು, ಒಂದೊಂದೇ ಅಂಗ ಕೈಕೊಟ್ಟಿತು. ಐವರು ತೀರಿಕೊಂಡರು. ಗುಮಾನಿ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ನಾವು ಗ್ಲೂಕೋಸ್ ಬಾಟ್ಲಿ ಎಂದು ಕರೆಯುವ ಬಾಟ್ಲಿಗಳ ಸಾಲಿನಲ್ಲೇ ತೂಗುವ ಉಪ್ಪುನೀರಿನಂಥ ದ್ರಾವಣ ಅದು. ಪಶ್ಚಿಮ ಬಂಗಾಳದ ಕಂಪೆನಿಯೊಂದು ಪೂರೈಸಿದ್ದು. ರಾಜ್ಯದ ಔಷಧ ನಿಯಂತ್ರಣ ಇಲಾಖೆ ಅದೇ ಕಂಪೆನಿಯ ಹಲವು ಬ್ಯಾಚುಗಳು ಗುಣಮಟ್ಟಕ್ಕೆ ಸಾಲವು ಎಂದು ಆ ವರ್ಷದ ಮೊದಲ ಭಾಗದಲ್ಲೇ ಹೇಳಿತ್ತು.

ಹೇಳಿದ್ದರೂ ಬಾಟ್ಲಿ ಹೇಗೆ ವಾರ್ಡಿಗೆ ಹೋಯಿತು ಎಂದು ಕೇಳುತ್ತೀರಿ. 1940ರ ಔಷಧ ಕಾನೂನಿನ 25ನೇ ಕಲಮಿನ ಪ್ರಕಾರ ರಾಜ್ಯದ ಪ್ರಯೋಗಾಲಯದ ವರದಿಯನ್ನು ಕಂಪೆನಿ 28 ದಿನದೊಳಗೆ ಪ್ರಶ್ನಿಸಬಹುದು. ಆಗ ಮಾದರಿ ಕೇಂದ್ರದ ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿಯ ಮಾತೇ ಕಡೆಯ ಮಾತು. ಕೇಂದ್ರದ ಪ್ರಯೋಗಾಲಯ ಕೆಲವು ಬ್ಯಾಚುಗಳನ್ನು ಸರಿ ಎಂದಿತು. ತಡೆಹಿಡಿದಿದ್ದ ದಾಸ್ತಾನಿನ ಒಂದು ಭಾಗ ಮತ್ತೆ ಹೊರಬಂತು. ಸಾವುಗಳಾದ ಮೇಲೆ ದಾಸ್ತಾನು ತಡೆದರು, ಕಂಪೆನಿಯನ್ನು ಕಪ್ಪುಪಟ್ಟಿಗೆ ಸೇರಿಸಿದರು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. 2025ರ ಜನವರಿಯಲ್ಲಿ ಬಂಗಾಳದ ಮಿಡ್ನಾಪುರದ ಆಸ್ಪತ್ರೆಯಲ್ಲೂ ಬಾಣಂತಿ ಸತ್ತಾಗ ಅದೇ ಕಂಪೆನಿಯ ದ್ರಾವಣದ ಹೆಸರು ಕೇಳಿಬಂತು.

ಇಲ್ಲಿ ನಾನು ನನ್ನ ಅಭಿಪ್ರಾಯ ಹೇಳಲೇಬೇಕು. ಸಾವಿರಾರು ಬಾಟ್ಲಿಗಳ ಒಂದು ಬ್ಯಾಚಿನಲ್ಲಿ ಪ್ರಯೋಗಾಲಯ ನೋಡುವುದು ಬೆರಳೆಣಿಕೆಯಷ್ಟನ್ನು. ಸೂಕ್ಷ್ಮಜೀವಿ ಇಲ್ಲವೆಂದು ಖಚಿತ ಮಾಡುವ ಪರೀಕ್ಷೆಗೇ ಹದಿನಾಲ್ಕು ದಿನ ಬೇಕು. ಅಲ್ಲಿ ಸರಿಯೆಂದು ಬಂದರೆ ನೋಡಿದ ಬಾಟ್ಲಿ ಸರಿ ಎಂದು ಅರ್ಥ, ನೋಡದಿದ್ದವು ಸರಿ ಎಂದಲ್ಲ. ಒಂದು ಪ್ರಯೋಗಾಲಯ ಕೆಟ್ಟದ್ದೆಂದು, ಇನ್ನೊಂದು ಒಳ್ಳೆಯದೆಂದು ಹೇಳಿದಾಗ ಆ ಜಗಳ ಕೋರ್ಟಿನಲ್ಲಿ ಎಷ್ಟು ದಿನ ಬೇಕಾದರೂ ನಡೆಯಲಿ, ಬಾಟ್ಲಿ ಮಾತ್ರ ಬಾಣಂತಿಯ ರಕ್ತನಾಳಕ್ಕೆ ಹೋಗಕೂಡದು. ಶಿಕ್ಷೆ ಕೊಡಲು ಬೇಕಾದ ಸಾಕ್ಷ್ಯ ಬೇರೆ, ಬಳಕೆ ನಿಲ್ಲಿಸಲು ಬೇಕಾದ ಅನುಮಾನ ಬೇರೆ. ಮೊದಲನೆಯದಕ್ಕೆ ಬಲವಾದ ಪುರಾವೆ ಬೇಕು. ಎರಡನೆಯದಕ್ಕೆ ವಾರ್ಡಿನ ನರ್ಸು "ಈ ಬಾಟ್ಲಿ ಹಾಕಿದವರಿಗೆಲ್ಲ ಚಳಿ ಬರ್ತಿದೆ" ಎಂದರೆ ಸಾಕಾಗಬೇಕು. ಅಂಥ ನರ್ಸು ಬ್ಯಾಚ್ ನಂಬರು ಸಮೇತ ಬರೆದಿಡಬೇಕು, ಬರೆದವಳ ಬೆನ್ನಿಗೆ ಆಸ್ಪತ್ರೆ ನಿಲ್ಲಬೇಕು.

ಮನೆಯ ಮಾತಿಗೆ ಸ್ವಲ್ಪ ಬರೋಣ. ಸ್ಟ್ರಿಪ್ ಕತ್ತರಿಸಿ ಕೊಟ್ಟರೆ ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ನಂಬರು ಇರುತ್ತದೆ. ಇಡೀ ಸ್ಟ್ರಿಪ್ ತಂದರೆ ನಂಬರಿಲ್ಲದ ತುದಿಯಿಂದ ತಿನ್ನಲು ಶುರುಮಾಡಿ. ಕೆಂಪು ಗೆರೆ ಇರುವ ಪೊಟ್ಟಣದ ಮದ್ದನ್ನು ವೈದ್ಯರ ಚೀಟಿ ಇಲ್ಲದೆ ತಿನ್ನಬೇಡಿ. ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ. ಡಬ್ಬಿಗೆ ಸುರಿದಿಟ್ಟ ಗುಳಿಗೆ, ಒಲೆಯ ಪಕ್ಕದ ಗೂಡಿನಲ್ಲಿಟ್ಟ ಗುಳಿಗೆ ಅವಧಿಗೆ ಮೊದಲೇ ಕೆಡುತ್ತದೆ.

ಉಳಿದ ಮದ್ದು ಏನು ಮಾಡುವುದು? ವಂಡ್ಸೆ ಗ್ರಾಮ ಪಂಚಾಯತಿಯ ಕಸ ನಿರ್ವಹಣೆಯ ಘಟಕ ರಾಜ್ಯಕ್ಕೇ ಮಾದರಿ ಎನಿಸಿದ್ದು. ಮನೆಮನೆಯ ಕಸ ತಂದು ಅಲ್ಲಿಯ ಹೆಂಗಸರು ಕೈಯಾರೆ ಬೇರೆ ಬೇರೆ ಮಾಡುತ್ತಾರೆ. ಅವರ ಕೈಗೆ ನಾವು ಅರ್ಧ ತಿಂದ ಆ್ಯಂಟಿಬಯೋಟಿಕ್, ಸಕ್ಕರೆ ಕಾಯಿಲೆಯ ಸೂಜಿ ಹಾಕಬಾರದು. ಚಕ್ರಾ ನದಿಗೂ ಎಸೆಯಬಾರದು, ತೋಟದ ಗುಂಡಿಗೂ ಬೇಡ. ನೆರೆಯ ಕೇರಳ 2025ರಲ್ಲಿ ಕೋಳಿಕ್ಕೋಡಿನಲ್ಲಿ ಮನೆಗಳಿಂದ ಬೇಡದ ಮದ್ದು ಸಂಗ್ರಹಿಸಲು ಶುರುಮಾಡಿತು. ಕಸದ ವಿಚಾರದಲ್ಲಿ ಮುಂದಿರುವ ವಂಡ್ಸೆ ಈ ಕೆಲಸಕ್ಕೂ ಮೊದಲಾಗಬಹುದು. ಪಂಚಾಯತಿ, ಮೆಡಿಕಲ್ ಶಾಪಿನವರು, ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳು ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಆಗುವಂಥದ್ದು.

ಕಡೆಯದಾಗಿ, ಘಟ್ಟದ ಬುಡದಲ್ಲಿರುವ ನಮಗೆ ತೀರ ಹತ್ತಿರದ ವಿಷಯ, ಮಂಗನ ಕಾಯಿಲೆಯ ಲಸಿಕೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ. 2019ರಲ್ಲಿ ಕೊಲ್ಲೂರು ಘಾಟಿಯ ಆಚೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜೀವಗಳು ಹೋದವು. ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ಸಾಲಾಗಿ ತಂದರು. ಆ ಬೇಸಿಗೆ ಕುಂದಾಪುರದ ಕಾಡಂಚಿನಲ್ಲೂ ಸತ್ತ ಮಂಗಗಳು ಸಿಕ್ಕಿ ಜನ ದಿಗಿಲುಬಿದ್ದದ್ದು ನಿಮಗೆ ನೆನಪಿದೆ.

ಈ ಕಾಯಿಲೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಲಸಿಕೆ ತಯಾರಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಕೈ ಊದಿ ನೋಯುತ್ತಿತ್ತು. "ಕೈ ಎತ್ತುಕ್ ಆತಿಲ್ಲೆ, ಕೆಲ್ಸಕ್ಕ್ ಹೋಪುಕ್ ಆತಿಲ್ಲೆ" ಎಂದು ಕೂಲಿಯವರು ಎರಡನೇ ಡೋಸಿಗೆ ಬರುತ್ತಿರಲಿಲ್ಲ. 1990ರ ದಶಕದ ಆರಂಭದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 93ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಅದು ಶೇ. 62ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ ಶೇ. 83. ಒಂದೇ ಡೋಸಿನಿಂದ ಉಪಯೋಗವೇ ಕಾಣಲಿಲ್ಲ. ಲಸಿಕೆಯ ಸತ್ವ ಸಾಲದೆಂದು ಪರೀಕ್ಷೆಗಳು ತೋರಿಸಿದ ಮೇಲೂ ವರ್ಷಗಟ್ಟಲೆ ಕೊಡುತ್ತಲೇ ಬಂದರು. ನಿಂತದ್ದು 2022ರಲ್ಲಿ.

ಇದು ವಿಷವಿದ್ದ ಲಸಿಕೆ ಅಲ್ಲ. ಆದರೂ ಔಷಧ ಸುರಕ್ಷತೆಯ ದೊಡ್ಡ ಸೋಲು ಎಂದು ನಾನು ತಿಳಿದಿದ್ದೇನೆ. ಲಸಿಕೆ ಹಾಕಿಸಿಕೊಂಡೆ ಎಂಬ ಧೈರ್ಯದಲ್ಲಿ ದರಗು ತರಲು, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋದವರು ಎಷ್ಟು ಮಂದಿ! ಉಣ್ಣಿ ಕಚ್ಚದಂತೆ ಕೊಡುವ ಡೆಪಾ ಎಣ್ಣೆ ಹಚ್ಚದೆ ಹೋದವರು ಎಷ್ಟು ಮಂದಿ! ಫಲಿಸದ ಮದ್ದು ಮನುಷ್ಯನ ಎಚ್ಚರಿಕೆಯನ್ನು ಸಡಿಲಿಸುತ್ತದೆ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸದಲ್ಲಿದೆ. ಅದು ಬಂದಾಗ ಮೊದಲು ಕೈ ಚಾಚಬೇಕಾದವರಲ್ಲಿ ಕೊಲ್ಲೂರು, ಜಡ್ಕಲ್, ಮುದೂರು, ಇಡೂರು ಕಡೆಯವರಿರುತ್ತಾರೆ. ಹಾಕಿಸಿಕೊಳ್ಳೋಣ, ಹಾಕಿಸಿಕೊಳ್ಳಲೇಬೇಕು. ಅದರ ಜೊತೆಗೆ ಎರಡು ಸಂಗತಿಯನ್ನು ಈಗಿಂದಲೇ ಕೇಳಿಡೋಣ. ನಮ್ಮೂರಿಗೆ ಬಂದ ಪ್ರತಿ ಬ್ಯಾಚಿನ ಸತ್ವ ಪರೀಕ್ಷೆಯ ಫಲಿತಾಂಶ, ನಂಬರು ದಿನಾಂಕ ಸಮೇತ, ಕನ್ನಡದಲ್ಲಿ ಪಂಚಾಯತಿಯ ಹಲಗೆಯ ಮೇಲೆ ಬರಬೇಕು. ಚುಚ್ಚಿಸಿಕೊಂಡವರ ಕೈ ಊದಿದ್ದು, ಜ್ವರ ಬಂದದ್ದು, ಲಸಿಕೆಯಾದ ಮೇಲೂ ಕಾಯಿಲೆ ಬಂದದ್ದು, ಎಲ್ಲವನ್ನೂ ಆರೋಗ್ಯ ಕೇಂದ್ರದಲ್ಲಿ ಅವತ್ತೇ ಬರೆದುಕೊಂಡು, ಬರೆದದ್ದರ ಒಂದು ಪ್ರತಿಯನ್ನು ಅವರ ಕೈಗೆ ಕೊಡಬೇಕು.